ಒಂದು ಸಂಜೆಯ ಮಟ್ಟಿಗೆ ಅಮೆರಿಕ

ಈಚೆಗೆ ಟೀವಿಯಲ್ಲಿ ಮತ್ತೆ ಪನಾಮಾ ಕಾಲುವೆಯ ಸುದ್ದಿ ಬಂತು. ಅದು ಯಾರಿಗೆ ಸೇರಿದ್ದು, ಯಾರಿಗೆ ಸೇರಬೇಕು ಎಂದು ಕೋಟು ತೊಟ್ಟ ನಾಲ್ವರು ನಾಲ್ಕು ಚೌಕಗಳಲ್ಲಿ ಕೂತು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಅಡುಗೆಮನೆಯಿಂದ ನನ್ನ ಹೆಂಡತಿ, "ಇದರಲ್ಲೇನಿದೆ ಜಗಳ? ಅದು ಎದುರುಮನೆ ಅಕ್ಕಂದು ತಾನೆ?" ಎಂದಳು. ಇಬ್ಬರೂ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ತವದ ಮೇಲಿದ್ದ ಚಪಾತಿ ಸೀದುಹೋಯಿತು. ನಕ್ಕು ಮುಗಿದ ಮೇಲೆ ಎದುರುಮನೆಯವರ ನೆನಪು ಬಹಳ ಕಾಡಿತು, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಎದುರುಮನೆಯವರು ಎಂದರೆ ಒಮಾನಿನ ಸೀಬ್‌ನಲ್ಲಿ ನಮ್ಮ ಫ್ಲ್ಯಾಟಿನ ಎದುರು ಬಾಗಿಲಿನಲ್ಲಿದ್ದ ಕಾರ್ಕಳದ ಕಡೆಯ ಗಂಡ ಹೆಂಡತಿ. ಹೆಸರು ಹೇಳುವುದಿಲ್ಲ. ಗಂಡನಿಗೆ ಊರಿನಲ್ಲೊಬ್ಬ ಅಣ್ಣ ಇದ್ದಾರೆ, ಕೈಗೆ ಸಿಕ್ಕ ಕಾಗದವನ್ನೆಲ್ಲ ಓದುವ ಪೈಕಿ. ಹೆಸರು ಹಾಕಿದರೆ, ಮುಗಿದ ಯುದ್ಧಕ್ಕೆ ನಾನೇ ಮತ್ತೆ ಕಿಡಿ ಹಚ್ಚಿದ ಹಾಗಾದೀತು. ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಗಂಡನನ್ನು ನಾನು ಮೈಸೂರಿನವನ ಅಭ್ಯಾಸಬಲದಿಂದ ಸಾರ್ ಎನ್ನುತ್ತಿದ್ದೆ. ಅವರು ನನ್ನನ್ನು ಮಾರಾಯ್ರೆ ಎನ್ನುತ್ತಿದ್ದರು, ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ.

ಮತ್ರಾ ಬಂದರಿನ ಒಂದು ಕ್ಲಿಯರಿಂಗ್ ಏಜೆನ್ಸಿಯಲ್ಲಿ, ಹಡಗಿನಿಂದಿಳಿದ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸುವ ಕೆಲಸ ಅವರದು. ಸಣ್ಣ ಆಳು. ಅವರು ತೊಡುತ್ತಿದ್ದ ಶರ್ಟಿನೊಳಗೆ ಇನ್ನೊಬ್ಬರಿಗೂ ಜಾಗವಿತ್ತು. ಅವರಿಗಿದ್ದ ಒಂದೇ ತೊಂದರೆ ಎಂದರೆ ಯಾರಿಗೂ 'ಆಗುವುದಿಲ್ಲ' ಎನ್ನಲು ಬರುತ್ತಿರಲಿಲ್ಲ. ಕಫೀಲ್, ಅಂದರೆ ಅವರ ವೀಸಾಕ್ಕೆ ಜವಾಬುದಾರನಾದ ಧಣಿ, ಏನು ಹೇಳಿದರೂ 'ತಮಾಮ್', ಅರಬಿಯಲ್ಲಿ ಸರಿ ಎಂದರ್ಥ. ಮ್ಯಾನೇಜರ್ ಏನು ಹೇಳಿದರೂ 'ಯಸ್ ಸರ್'. ಧಣಿ ಕೆಟ್ಟವನೇನಲ್ಲ, ಪ್ರತಿ ಹಬ್ಬಕ್ಕೂ ಹಲ್ವಾ ಕಳಿಸುತ್ತಿದ್ದ. ಆದರೂ ಹೇಳಿ ಹೇಳಿ ಅದು ನಾಲಿಗೆಗೆ ಅಂಟಿ, ಆಫೀಸಿನ ಹೊರಗೂ ಬಿಡಲಿಲ್ಲ. ಸೀಬ್ ಮಾರುಕಟ್ಟೆಗೆ ನಾಲ್ಕು ತುಂಡು ಅಂಜಲ್ ಮೀನು ತರಲು ಹೋದವರು, ಮೀನಿನವನು ಇಡೀದು ತಗೊಳ್ಳಿ ಎಂದದ್ದಕ್ಕೆ ಇಡೀ ಮೀನನ್ನೇ ತಂದರು. ಡಿಕ್ಕಿಯಲ್ಲಿ ಹಿಡಿಸದ ಅದು ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಬಂತು. ಒಂದೇ ಸಂಜೆ ಮೂರು ಮನೆಯ ಊಟಕ್ಕೆ ಒಪ್ಪಿ, ಮೂರೂ ಕಡೆ ಉಂಡು, ಕೊನೆಗೆ ನಮ್ಮ ಮನೆಗೆ ಬಂದು ಜೀರಿಗೆ ನೀರು ಕೇಳಿದರು. ಯಾರೋ ರಜೆಗೆ ಹೋಗುವಾಗ ಅವರ ಮನೆಯಲ್ಲಿ ಬಿಟ್ಟುಹೋದ ಗಿಳಿ, ವಾಪಸು ಹೋಗುವಷ್ಟರಲ್ಲಿ 'ಆಯ್ತು ಆಯ್ತು' ಎನ್ನಲು ಕಲಿತಿತ್ತು.

ಇಂಥ ಮನುಷ್ಯನಿಗೆ ಹಿಡಿದ ಹುಚ್ಚು ಅಮೆರಿಕ. ಅದೂ ಈಗಿನದಲ್ಲ. ತನ್ನ ಪಾಡಿಗೆ ಗೋಧಿ ಬೆಳೆದುಕೊಂಡು, ಹತ್ತಿ ಮಾರಿಕೊಂಡಿದ್ದ ಅಮೆರಿಕ ಒಂದು ದಿನ ಸ್ಪೇನಿನ ಮೇಲೆ ಯುದ್ಧಕ್ಕೆ ಹೋಗಿ, ಫಿಲಿಪೀನ್ಸಿನವರೆಗೆ ಕೈಚಾಚಿ, ಪನಾಮಾದಲ್ಲಿ ಕಾಲುವೆ ತೋಡಿ, ಮೊದಲ ಮಹಾಯುದ್ಧ ಮುಗಿಯುವಾಗ ಲೋಕಕ್ಕೇ ಯಜಮಾನನಾಗಿ ಕೂತಿತಲ್ಲ, ಆ ಅಮೆರಿಕ. ಅಂಚೆ ಮೂಲಕ ಎಂ.ಎ. ಮಾಡಿದಾಗ ಓದಿದ್ದು ಅವರಿಗೆ ತಲೆಗೇರಿಬಿಟ್ಟಿತ್ತು. ಒಮ್ಮೆಯಾದರೂ ಅಮೆರಿಕಕ್ಕೆ ಹೋಗಿದ್ದೀರಾ ಎಂದು ಕೇಳಿದ್ದೆ. ಒಮಾನಿನಲ್ಲೇ ಇರುವ ಸಲಾಲಾಕ್ಕೇ ಹೋಗಿಲ್ಲ ಎಂದರು. "ಈಗ ಅಲ್ಲಿ ಎಂತ ಉಂಟು ಮಾರಾಯ್ರೆ, ಎಲ್ಲ ಆಗಿ ಹೋಗಿದೆ. ಆಗುವಾಗ ನೋಡ್ಬೇಕಿತ್ತು."

ನಮ್ಮ ಕಟ್ಟಡದಲ್ಲಿ ಏನೇ ನಡೆದರೂ ಅವರಿಗೆ ಅದು ಅಮೆರಿಕದಲ್ಲಿ ಆಗಲೇ ನಡೆದುಹೋದದ್ದಾಗಿರುತ್ತಿತ್ತು. ಕೆಳಗೆ ಕಾರು ನಿಲ್ಲಿಸಲು ತಗಡಿನ ನೆರಳಿದ್ದದ್ದು ಒಂದೇ ಕಾರಿಗೆ, ಮೊದಲಿನಿಂದ ಇದ್ದವರೆಂದು ಅದು ಅವರಿಗೇ ಸಿಕ್ಕಿತ್ತು. ಚೀನಾದಲ್ಲಿ ಎಲ್ಲ ದೇಶಗಳಿಗೂ ಸಮಾನ ವ್ಯಾಪಾರದ ಅವಕಾಶ ಬೇಕು ಎಂದು ಅಮೆರಿಕ ಹೇಳಿತಂತೆ, ಅದಕ್ಕೆ ತೆರೆದ ಬಾಗಿಲ ನೀತಿ ಎಂದು ಹೆಸರಂತೆ. ಇದನ್ನು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ವಿವರಿಸಿ, ನೆರಳನ್ನು ಸರದಿಗೆ ಬಿಟ್ಟುಕೊಟ್ಟರು. ಜೂನ್ ತಿಂಗಳಲ್ಲಿ ಅವರ ಕಾರು ಬಿಸಿಲಲ್ಲಿ ಕಾದು, ಸ್ಟೇರಿಂಗ್ ಹಿಡಿದ ಕೈ ಸುಟ್ಟು, ಅಂಗೈಗೆ ಟೂತ್‌ಪೇಸ್ಟ್ ಬಳಿದುಕೊಂಡು ಮೇಲೆ ಬಂದರು. ಆ ನೀತಿಯಲ್ಲಿ ಅಮೆರಿಕಕ್ಕೆ ಲಾಭವಾಗಿತ್ತು, ತಾನು ಮಾಡಿದ್ದರಲ್ಲಿ ಎಲ್ಲಿ ತಪ್ಪಿದೆ ನೋಡಬೇಕು ಎಂದು ಪಾಪ ಬಹಳ ಯೋಚಿಸಿದರು.

ನನ್ನ ಮಗಳು ಓದುತ್ತಿದ್ದ ಶಾಲೆಯ ಪಾಠದಲ್ಲಿ ಇದೇ ಕಾಲದ ಅಮೆರಿಕ ಬಂದಾಗ ಅವರಿಗಾದ ಸಂತೋಷ ಹೇಳತೀರದು. ಮರುದಿನವೇ ಪಂಚೆ ಉಟ್ಟು, ಹೆಗಲ ಮೇಲೆ ಶಾಲು ಹಾಕಿಕೊಂಡು ಪಾಠಕ್ಕೆ ಬಂದರು. ಶಾಲು ಯಾಕೆಂದರೆ ಅವರು ಪಾಠ ಮಾಡುತ್ತಿದ್ದದ್ದು ತಾಳಮದ್ದಳೆಯ ಕ್ರಮದಲ್ಲಿ. ನಮ್ಮ ಮೈಸೂರು ಕಡೆಯವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾಳಮದ್ದಳೆಯೆಂದರೆ ಬಣ್ಣ, ಕುಣಿತ ಏನೂ ಇಲ್ಲದ ಯಕ್ಷಗಾನ. ಭಾಗವತರು ಒಂದು ಪದ ಹಾಡುತ್ತಾರೆ. ಎದುರುಬದುರು ಕೂತವರು ತಮ್ಮ ತಮ್ಮ ಪಾತ್ರ ವಹಿಸಿ, ಆ ಪದದ ಮೇಲೆ ಬಾಯಿಗೆ ಬಂದ ಹಾಗೆ, ಆದರೆ ಬಹಳ ಚಂದಕ್ಕೆ, ವಾದ ಮಾಡುತ್ತಾರೆ, ಇದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ವಾದದಲ್ಲಿ ಯಾರು ಬೇಕಾದರೂ ಗೆಲ್ಲಬಹುದು. ಕಥೆ ಮಾತ್ರ ಭಾಗವತರ ಮುಂದಿನ ಪದ ಎಲ್ಲಿಗೆ ಕರೆಯುತ್ತದೋ ಅಲ್ಲಿಗೇ ಹೋಗಬೇಕು. ಸೋಲಬೇಕಾದವನು ಎಷ್ಟೇ ಚೆನ್ನಾಗಿ ಮಾತಾಡಿದ್ದರೂ ಸೋಲಲೇಬೇಕು.

ಊರಲ್ಲಿದ್ದಾಗ ಅವರಿಗೆ ಸಿಗುತ್ತಿದ್ದದ್ದು ದೂತ, ಬ್ರಾಹ್ಮಣ, ಒಂದೆರಡು ಮಾತಾಡಿ ಎದ್ದುಹೋಗುವ ಪಾತ್ರಗಳಂತೆ. ಆ ಸಂಕಟವನ್ನೆಲ್ಲ ನಮ್ಮ ಮನೆಯ ಸೋಫಾದ ಮೇಲೆ ತೀರಿಸಿಕೊಂಡರು. ಮಗಳು ಯಾವಾಗಲೂ ಸ್ಪೇನ್, ಅಥವಾ ಕ್ಯೂಬಾ, ಅಥವಾ ಹವಾಯಿ. ಅವರು ಯಾವಾಗಲೂ ಅಮೆರಿಕ. ಆಫೀಸಿನಲ್ಲಿ ಕೇಳಿಸಲೇ ಕೇಳಿಸದ ಆ ಧ್ವನಿ ಇಲ್ಲಿ ಮೂರನೆಯ ಮಹಡಿಗೆ ಕೇಳಿಸುತ್ತಿತ್ತು. "ಎಲೈ ಸ್ಪೇನೇ, ಮುದಿಸಿಂಹವೇ" ಎಂದು ಅವರು ತೊಡೆತಟ್ಟಿದಾಗ ಮಗಳು, "ಅಂಕಲ್, ದಿಸ್ ಈಸ್ ನಾಟ್ ಇನ್ ದ ಸಿಲಬಸ್" ಎನ್ನುತ್ತಿದ್ದಳು. ಆದರೂ ಪಾಠ ತಪ್ಪಿಸುತ್ತಿರಲಿಲ್ಲ. ನಾವೂ ತಪ್ಪಿಸುತ್ತಿರಲಿಲ್ಲ. ಅಕ್ಕ ನನ್ನ ಹೆಂಡತಿಗೆ ಜೊತೆಯಾಗಿ ಅಡುಗೆಮನೆಯಲ್ಲಿ ಕೂತು ಕೇಳುತ್ತಿದ್ದರು. ಅಮೆರಿಕ ದೊಡ್ಡ ಯುದ್ಧಕ್ಕೆ ಹೊರಟದ್ದು ಲೋಕದಲ್ಲಿ ಪ್ರಜಾಪ್ರಭುತ್ವ ಉಳಿಸುವುದಕ್ಕೆ ಎಂದು ಸಾರ್ ಗುಡುಗುತ್ತಿದ್ದಾಗ ಒಮ್ಮೆ ಅಕ್ಕ ಬಾಗಿಲಿಗೆ ಬಂದು, ಆವಾಗ ಅಲ್ಲಿಯ ಹೆಂಗಸರಿಗೆ ಓಟು ಇತ್ತಾ ಎಂದು ಕೇಳಿದರು. ಕೆಲವು ರಾಜ್ಯಗಳಲ್ಲಿ ಇತ್ತು, ದೇಶಕ್ಕೆಲ್ಲ ಬಂದದ್ದು ಯುದ್ಧ ಮುಗಿದ ಮೇಲೆ ಎಂದು ಇವರು ಒಪ್ಪಿಕೊಳ್ಳಬೇಕಾಯಿತು. ಅಕ್ಕ 'ಹ್ಞೂಂ' ಎಂದು ಒಳಗೆ ಹೋಗಿ ಮಿಕ್ಸಿ ಹಾಕಿದರು. ಅದು ನಿಲ್ಲುವವರೆಗೆ ಪಾಠ ಮುಂದುವರಿಯಲಿಲ್ಲ.

ಅಮೆರಿಕದ ಪಾನನಿಷೇಧದ ಪಾಠವನ್ನಂತೂ ಅವರು ಸ್ವಂತ ಅನುಭವದಿಂದ ಮಾಡಿದರು. ಕೊಲೆಸ್ಟ್ರಾಲ್ ಜಾಸ್ತಿ ಎಂದು ಡಾಕ್ಟರು ಹೇಳಿದ ದಿನ ಅಕ್ಕ ಮನೆಯಲ್ಲಿ ಮೀನು ಕಾಯಿಸುವುದನ್ನು ನಿಲ್ಲಿಸಿದ್ದರು. ನಿಷೇಧ ಹಾಕಿದರೆ ಕಳ್ಳಂಗಡಿ ಹುಟ್ಟುತ್ತದೆ, ಇದು ಚರಿತ್ರೆಯ ನಿಯಮ ಎಂದು ಸಾರ್ ನನಗೆ ಗಂಭೀರವಾಗಿ ತಿಳಿಸಿದರು. ಕಳ್ಳಂಗಡಿ ಹುಟ್ಟಿದ್ದು ನಮ್ಮ ಅಡುಗೆಮನೆಯಲ್ಲಿ. ಶುಕ್ರವಾರ ಮಧ್ಯಾಹ್ನ ಅಕ್ಕ ಮಲಗಿದಾಗ ಅವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಸಸ್ಯಾಹಾರಿಯಾದ ನಾನು ಕಿಟಕಿ ತೆಗೆದು, ಫ್ಯಾನ್ ಹಾಕಿ, ಮೂಗು ಮುಚ್ಚಿಕೊಂಡು ಅವರಿಗೆ ಕಾವಲು ನಿಲ್ಲುತ್ತಿದ್ದೆ. ಇಂಥ ಒಂದು ಶುಕ್ರವಾರ, ಬಾಣಲೆಯಲ್ಲಿ ಬಂಗುಡೆ ತಿರುವಿ ಹಾಕುತ್ತ, ಅವರು ರಸ್ತೆಯ ವಿಷಯ ಹೇಳಿದರು.

ವಿಷಯ ಇಷ್ಟು. ಅವರ ಪೈಕಿಯ ಮನೆತನಗಳಲ್ಲಿ ಆಸ್ತಿ ತಾಯಿಯಿಂದ ಮಗಳಿಗೆ ಬರುವ ಕ್ರಮವಿತ್ತು. ಹಾಗೆ ಅಕ್ಕನಿಗೆ ಅವರ ತಾಯಿಯಿಂದ ಊರಿನಲ್ಲಿ ಒಂದು ತುಂಡು ಜಾಗ ಬಂದಿತ್ತು, ಒಂದು ಬಾವಿ, ಹಲಸಿನ ಮರ, ಕೆಲವು ಗೇರುಮರ ಇರುವಂಥದ್ದು. ಅದರ ಹಿಂದುಗಡೆ ಇವರ ಅಣ್ಣ ಜಾಗ ಕೊಂಡಿದ್ದರು. ಅಣ್ಣನಿಗೆ ಟಾರು ರಸ್ತೆಗೆ ಬರಬೇಕಾದರೆ ಗುಡ್ಡ ಸುತ್ತಿ ಬರಬೇಕು. ಅಕ್ಕನ ಜಾಗದ ನಟ್ಟನಡುವೆ ಒಂದು ರಸ್ತೆ ಕಡಿದರೆ ನೇರ. ಪ್ರತಿ ಶುಕ್ರವಾರ ಊಟವಾದ ಮೇಲೆ ಅಣ್ಣ ಫೋನು ಮಾಡುತ್ತಿದ್ದರು. ಅದರಲ್ಲೊಂದು ಶುಕ್ರವಾರ ಅಣ್ಣ ಕೇಳಿದ್ದರು, ಇವರು 'ಆಯ್ತಣ್ಣ' ಎಂದುಬಿಟ್ಟಿದ್ದರು. ಅಕ್ಕನಿಗೆ ಹೇಳಿರಲಿಲ್ಲ. ಅಲ್ಲಿ ಅಣ್ಣ ಆಗಲೇ ಸುಣ್ಣದಲ್ಲಿ ಗೆರೆ ಹಾಕಿಸಿ ಆಗಿತ್ತು, ಇವರು ಊರಿಗೆ ಮುಟ್ಟಿದ ಕೂಡಲೇ ಜೆಸಿಬಿ ಬರುವುದೆಂದು ತೀರ್ಮಾನವಾಗಿತ್ತು. ಬಾವಿಯೂ ಹಲಸಿನ ಮರವೂ ಆ ಗೆರೆಯ ಮೇಲೇ ಇದ್ದವು.

ಇವತ್ತೇ ಅಕ್ಕನಿಗೆ ಹೇಳಿಬಿಡಿ ಎಂದೆ. ಆಯ್ತು ಎಂದರು. ಇದನ್ನು ಅವರ ಬಾಯಿಂದ ಕೇಳಿದ ಮೇಲೆ ಕೆಲಸ ಆಗುವುದಿಲ್ಲವೆಂದು ಗೊತ್ತಾಗುವಷ್ಟು ನನಗೂ ಅವರ ಪರಿಚಯವಾಗಿತ್ತು. ಅದಕ್ಕಿಂತ ದೊಡ್ಡ ತಮಾಷೆಯೆಂದರೆ ಅಕ್ಕನಿಗೆ ಎಲ್ಲವೂ ಗೊತ್ತಿತ್ತು. ಸುಣ್ಣದ ಗೆರೆಯ ಫೋಟೋವನ್ನು ಅಕ್ಕನ ತಂಗಿ ವಾಟ್ಸ್ಯಾಪಿನಲ್ಲಿ ಕಳಿಸಿದ್ದರು, ಅಕ್ಕ ಅದನ್ನು ನನ್ನ ಹೆಂಡತಿಗೆ ತೋರಿಸಿದ್ದರು. ಅವರಾಗಿ ಬಾಯಿ ಬಿಡುತ್ತಾರಾ ನೋಡುವ ಎಂದು ಅಕ್ಕ ಕಾಯುತ್ತಿದ್ದರು. ಕಾಯುವಾಗ ಅತ್ತದ್ದೂ ಉಂಟೆಂದು ನನ್ನ ಹೆಂಡತಿ ಹೇಳಿದಳು. ಆ ಬಾವಿಕಟ್ಟೆಯ ಮೇಲೆ ಕೂರಿಸಿಕೊಂಡು ಅವರ ತಾಯಿ ಅವರಿಗೆ ತಲೆ ಬಾಚುತ್ತಿದ್ದರಂತೆ. ಇದನ್ನು ಕೇಳಿದ ದಿನ ನನಗೆ ಸಾರ್ ಮೇಲೆ ನಿಜವಾಗಿ ಸಿಟ್ಟು ಬಂತು. ಮುಂದಿನ ಶುಕ್ರವಾರ ಕಳ್ಳಂಗಡಿ ಮುಚ್ಚಿದ್ದೆ.

ಅಷ್ಟರಲ್ಲಿ ಅವರ ನಿವೃತ್ತಿ ಬಂತು. ವೀಸಾ ರದ್ದು, ಖಲಾಸ್, ತಿಂಗಳೊಳಗೆ ಹೊರಡಬೇಕು. ಬೀಳ್ಕೊಡುಗೆಗೆ ಏನು ಬೇಕು ಎಂದು ಕಟ್ಟಡದವರೆಲ್ಲ ಸೇರಿ ಕೇಳಿದಾಗ, ವಾಚು ಬೇಡ, ಸೂಟ್‌ಕೇಸು ಬೇಡ, ಒಂದು ತಾಳಮದ್ದಳೆ ಆಗಬೇಕು ಎಂದರು. ಪ್ರಸಂಗ ಅವರೇ ಬರೆದದ್ದು, ಪನಾಮಾ ಕಾಲುವೆಯದು. ಕಾಲುವೆಗೆ ಬೇಕಾದ ಪನಾಮಾ ಆಗ ಕೊಲಂಬಿಯಾ ದೇಶದ ಕೈಯಲ್ಲಿತ್ತು. ಅಮೆರಿಕ ಆ ಜಾಗ ಕೇಳುತ್ತದೆ, ಕೊಲಂಬಿಯಾ ಒಲ್ಲೆ ಎನ್ನುತ್ತದೆ. ಪನಾಮಾ ಎದ್ದು ತಾನೇ ಸ್ವತಂತ್ರ ಎಂದು ಘೋಷಿಸುತ್ತದೆ, ಪಕ್ಕದಲ್ಲಿ ಅಮೆರಿಕದ ಯುದ್ಧದ ಹಡಗು ನಿಂತಿರುತ್ತದೆ, ಮಂಗಳ. ಅಮೆರಿಕ ಯಾರೆಂದು ಕೇಳುವ ಅಗತ್ಯವಿರಲಿಲ್ಲ. "ಇಷ್ಟು ವರ್ಷ ಎಲ್ಲರಿಗೂ ಯಸ್ ಸರ್ ಹೇಳಿದೆ. ಒಂದು ಸಂಜೆಯ ಮಟ್ಟಿಗೆ ಅಮೆರಿಕ ಆಗಿ ಹೋಗ್ತೇನೆ ಮಾರಾಯ್ರೆ" ಎಂದು ನನ್ನೊಬ್ಬನಿಗೇ ಹೇಳಿದರು. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಕೊಲಂಬಿಯಾ ನಾನು. ಬೇರೆ ಯಾರೂ ಒಪ್ಪಿರಲಿಲ್ಲ. ಮೊದಲನೆಯ ಅಭ್ಯಾಸದಲ್ಲಿ ಅವರು ಎರಡು ಸಾಗರಗಳ ವರ್ಣನೆ ಮಾಡಿ, ಲೋಕಕ್ಕೆ ಒಳ್ಳೆಯದಾಗುವುದಾದರೆ ಕೊಡಲೇನು ಅಡ್ಡಿ ಎಂದು ಕೇಳಿದರು. ನಾನು, "ತಗೊಳ್ಳಿ ಸಾರ್, ಪರವಾಗಿಲ್ಲ" ಎಂದೆ. ಅವರು ತಲೆಮೇಲೆ ಕೈಹೊತ್ತು ಕೂತರು. ಮೈಸೂರಿನವರ ಹತ್ತಿರ ಜಾಗ ಕೇಳಿದರೆ ಕಾಫಿಯನ್ನೂ ಕೊಟ್ಟು ಕಳಿಸುತ್ತೀರಿ, ಹೀಗಾದರೆ ಪ್ರಸಂಗ ಐದು ನಿಮಿಷದಲ್ಲಿ ಮುಗಿಯುತ್ತದೆ ಎಂದು ರೇಗಿದರು. ಎರಡನೆಯ ಸಲ ಧೈರ್ಯ ಮಾಡಿ, ಸ್ವಲ್ಪ ಯೋಚನೆ ಮಾಡಿ ಹೇಳಲಾ ಎಂದೆ. ಅದೂ ಆಗಲಿಲ್ಲ. ಆಗ ಅಕ್ಕ ಅಡುಗೆಮನೆಯಿಂದ ಕೈ ಒರಸಿಕೊಳ್ಳುತ್ತ ಬಂದು, ಕೊಲಂಬಿಯಾ ತಾನಾಗುತ್ತೇನೆ ಎಂದರು. ಹೆಂಗಸರು ಅರ್ಥ ಹೇಳುವ ಕ್ರಮ ನಮ್ಮ ಊರಲ್ಲಿ ಕಡಿಮೆಯಲ್ಲವಾ ಎಂದು ಸಾರ್ ತಡವರಿಸಿದರು. ಓಟು ಬಂದಾಯಿತಲ್ಲ, ಇನ್ನು ಇದಕ್ಕೆ ಯಾವ ಯುದ್ಧ ಮುಗಿಯಬೇಕು ಎಂದು ಅಕ್ಕ ಕೇಳಿದರು. ಸಾರ್ ಆಯ್ತು ಎಂದರು. ನನಗೆ ಪನಾಮಾದ ಪಾತ್ರ ಬಂತು. ಇಬ್ಬರ ಮಧ್ಯೆ ಬಾಯಿ ಮುಚ್ಚಿಕೊಂಡು ಕೂತಿದ್ದು, ಕೊನೆಗೆ ಎದ್ದು ನಿಂತು ಸ್ವತಂತ್ರನಾದೆ ಎಂದು ಹೇಳಿದರೆ ಮುಗಿಯಿತು.

ಗುರುವಾರ ಸಂಜೆ ನಮ್ಮ ಹಾಲಿನಲ್ಲಿ ಜಮಖಾನ ಹಾಸಿದೆವು. ಇಬ್ರಾದಲ್ಲಿ ಏಸಿ ರಿಪೇರಿ ಮಾಡುವ ಒಬ್ಬರು ಊರಿನಲ್ಲಿ ಭಾಗವತಿಕೆ ಕಲಿತವರು, ತಾಳ ಹಿಡಿದುಕೊಂಡು ಅಷ್ಟು ದೂರದಿಂದ ಬಂದರು. ಬಂದವರೇ ನಮ್ಮ ಏಸಿಯ ಸದ್ದು ಸರಿಯಿಲ್ಲವೆಂದು ಮೊದಲು ಅದನ್ನು ಬಿಚ್ಚಿದರು. ಮದ್ದಳೆಯವರು ಸಿಗದೆ ಅದನ್ನು ಫೋನಿನಲ್ಲಿ ಹಾಕಿದ್ದೆವು. ನಡುನಡುವೆ ಯಾರದೋ ಮೆಸೇಜು ಬಂದು ಟಿಂಗ್ ಎನ್ನುತ್ತಿತ್ತು. ಕಟ್ಟಡದ ಮಂಗಳೂರಿನವರು, ಉಡುಪಿಯವರು, ಕೊಂಕಣಿ ಮಾತಾಡುವವರು, ಭಾಷೆ ಬಾರದ ಇಬ್ಬರು ಕೇರಳದವರು, ಎಲ್ಲ ಬಂದು ಗೋಡೆಗೊರಗಿ ಕೂತರು. ಸಾರ್ ಶಾಲು ಹೊದ್ದು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅಕ್ಕ ಎದುರಿಗೆ. ನಾನು ನಡುವೆ, ಪನಾಮಾ. ಭಾಗವತರು ಹಾಡಿದರು:

ಕೇಳೆಲೆ ಕೊಲಂಬಿಯಾ ರಾಣಿ ನೀನು
ನಾಳೆಯೆನ್ನದೆ ಕೊಡು ತಾಣವನು

ಸಾರ್ ಶುರುಮಾಡಿದರು. ತಮಾಷೆ ಪಕ್ಕಕ್ಕಿಟ್ಟು ಹೇಳುತ್ತೇನೆ, ಆ ದಿನ ಅವರು ಮಾತಾಡಿದಂತೆ ಮಾತಾಡುವವರನ್ನು ನಾನು ಮತ್ತೆ ಕೇಳಿಲ್ಲ. ಪೂರ್ವದ ಸಾಗರ, ಪಶ್ಚಿಮದ ಸಾಗರ ಒಂದೇ ತಾಯಿಯ ಮಕ್ಕಳಾಗಿ ಹುಟ್ಟಿ, ಒಂದು ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ಕೂತು ಮುಖ ಕಾಣದೆ ಅಳುವುದನ್ನು ವರ್ಣಿಸಿದರು. ಆ ಗೋಡೆಯಲ್ಲಿ ಒಂದು ಕಿಂಡಿ ತೆರೆಯಲು ಬಂದ ಅಣ್ಣ ತಾನು ಎಂದರು. ಎದುರಿಗಿದ್ದವರಿಗೆಲ್ಲ ಕಾಲುವೆ ಇವತ್ತೇ ತೋಡಿಬಿಡಬೇಕು ಎನಿಸಿತು. ಕೇರಳದವರು ಚಪ್ಪಾಳೆ ತಟ್ಟಿದರು. ಸಾರ್ ಮುಖ ಕೆಂಪಾಗಿ ಹೊಳೆಯುತ್ತಿತ್ತು, ಶರ್ಟು ಕೂಡ ಅಂದು ಅವರಿಗೆ ಸರಿಹೊಂದಿದಂತೆ ಕಂಡಿತು.

ಅಕ್ಕ ಅವಸರ ಮಾಡಲಿಲ್ಲ. ಲೋಕಕ್ಕೆ ಒಳ್ಳೆಯದು ಎಂದಿರಲ್ಲ, ಆ ಲೋಕದಲ್ಲಿ ನಾನಿದ್ದೇನಾ ಎಂದು ಮೆಲ್ಲಗೆ ಕೇಳಿದರು. ಸಾಗರಗಳ ಕಣ್ಣೀರು ಕಂಡವರಿಗೆ ಭೂಮಿಯಲ್ಲಿರುವವರ ಬಾವಿ ಕಾಣಲಿಲ್ಲವಾ ಎಂದರು. ಜನ ನಕ್ಕರು. ಬಾವಿ ಎಂಬ ಮಾತಿಗೆ ಸಾರ್ ಒಮ್ಮೆ ಕಣ್ಣು ಮಿಟುಕಿಸಿದರು. ಈ ಅಮೆರಿಕದ ಬಗ್ಗೆ ಒಂದು ಸಂಗತಿ ಕೇಳಿದ್ದೇನೆ ಎಂದು ಅಕ್ಕ ಮುಂದುವರಿಸಿದರು, ಮುಂದೆ ಬರುವವರು ಮೆತ್ತಗೆ ಇರುತ್ತಾರಂತೆ, ದೊಡ್ಡ ದೊಣ್ಣೆ ಹಿಂದೆ ಇರುತ್ತದಂತೆ. "ನೀವು ಮೆತ್ತಗೆ ಇದ್ದದ್ದು ಕಂಡೆ. ದೊಣ್ಣೆ ಎಲ್ಲಿ ಉಂಟು? ಊರಲ್ಲಾ?" ಎಂದ ಕೂಡಲೇ ಜನ ಮತ್ತೆ ನಕ್ಕರು. ನಗದೆ ಇದ್ದವರು ನಾವು ಮೂವರು, ಬಾಗಿಲ ಹತ್ತಿರ ನನ್ನ ಹೆಂಡತಿ ಒಬ್ಬಳು. ಅಕ್ಕ ಸೆರಗಿನ ತುದಿಯನ್ನು ಮಡಿಲಲ್ಲಿ ಮಡಚಿಟ್ಟು, ನಾಟಕದ ಮಾತನ್ನು ಅಲ್ಲಿಗೇ ಬಿಟ್ಟು, ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ ಹೇಳಿದರು:

"ಒಂದೇ ಪ್ರಶ್ನೆ. ಗೆರೆ ಹಾಕುವ ಮೊದಲು ಜಾಗದವಳನ್ನು ಕೇಳಿದ್ರಾ?"

ಇದಕ್ಕೆ ಉತ್ತರ ಸಾರ್ ಹತ್ತಿರ ತಯಾರಿತ್ತು. ಕೇಳುವುದು ಬಡವರ ಪದ್ಧತಿ, ನನ್ನದಲ್ಲ ಎಂದು ಗದೆಯೆತ್ತಿದವರಂತೆ ಹೇಳಬೇಕಾದ ಮಾತು, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನ್ನು ನಾನೇ ನೋಡಿದ್ದೆ. ಬಾಯಿ ತೆರೆದರು. ಮುಚ್ಚಿದರು. ಫೋನಿನ ಮದ್ದಳೆ ಸುಮ್ಮನೆ ಬಾರಿಸುತ್ತಲೇ ಇತ್ತು. ಇನ್ನು ಮಾತು ಮುಗಿಯಿತೆಂದು ತಿಳಿದ ಭಾಗವತರು ಮುಂದಿನ ಪದಕ್ಕೆ ಗಂಟಲು ಸರಿಮಾಡಿಕೊಂಡು, ನನಗೆ ಏಳುವಂತೆ ಸನ್ನೆ ಮಾಡಿದರು. ನಾನು ಸ್ವಾತಂತ್ರ್ಯ ಘೋಷಿಸಬೇಕಾದ ಸಮಯ ಅದು. ಗಂಡ ಹೆಂಡತಿಯ ನಡುವೆ ಕೂತು ಯಾವ ದೇಶ ಅಂಥ ಧೈರ್ಯ ಮಾಡೀತು? ನಾನು ಏಳಲಿಲ್ಲ.

"ಕೇಳ್ಲಿಲ್ಲ," ಎಂದರು ಸಾರ್. ಆಮೇಲೆ ಶಾಲು ತೆಗೆದು ಪಕ್ಕಕ್ಕಿಟ್ಟರು. "ಕೇಳ್ಬೇಕಿತ್ತು. ಕಾಲುವೆ ಬೇಡ. ನಿನ್ನ ಜಾಗ ನಿನ್ನಲ್ಲೇ ಇರ್ಲಿ."

ಭಾಗವತರು ಹಾಡಲು ತೆರೆದ ಬಾಯಿಯನ್ನು ಹಾಗೇ ಇಟ್ಟುಕೊಂಡು ಅವರ ಮುಖ ನೋಡಿದರು. ಇಲ್ಲಿಂದ ಮುಂದಿನ ಪದಗಳೆಲ್ಲ ಕಾಲುವೆಯವೇ, ಅಗೆಯುವುದು, ನೀರು ಬಿಡುವುದು, ಹಡಗು ಹೋಗುವುದು, ತಾನು ಇನ್ನು ಏನನ್ನು ಹಾಡಬೇಕು ಎಂದು ತುಳುವಿನಲ್ಲಿ ಕೇಳಿದರು. ಕಾಲುವೆಯಿಲ್ಲದಿದ್ದರೆ ಹಡಗು ಆಚೆಗೆ ಹೋಗುವುದು ಹೇಗೆ ಎಂದೂ ಕೇಳಿದರು. ಸುತ್ತು ಹಾಕಿ ಹೋಗಲಿ, ಇಷ್ಟು ವರ್ಷ ಹೋಗುತ್ತಿರಲಿಲ್ಲವಾ ಎಂದರು ಸಾರ್. ಮಗಳು, ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಭಾಗವತರು ಸ್ವಲ್ಪ ಹೊತ್ತು ತಾಳವನ್ನು ತಿರುಗಿಸಿ ಮುರುಗಿಸಿ ನೋಡಿ, ಬೇರೆ ದಾರಿ ಕಾಣದೆ, ನೇರ ಮಂಗಳ ಹಾಡಿದರು. ಎಲ್ಲರೂ ಎದ್ದು ಕೋಳಿ ಸುಕ್ಕ, ನೀರುದೋಸೆಯ ಕಡೆಗೆ ಹೋದರು. ಅಮೆರಿಕ ಸೋತ ಪನಾಮಾ ಪ್ರಸಂಗ ಲೋಕದಲ್ಲಿ ಅದೊಂದೇ ಇರಬೇಕು. ಆಚೆ ಈಚೆ ಕೂತಿದ್ದ ಗಂಡ ಹೆಂಡತಿ ಮಾತ್ರ ಇನ್ನೂ ಕೂತೇ ಇದ್ದರು. ನಾನೂ ಮಧ್ಯೆ ಕೂತಿದ್ದೇನೆಂದು ಬಹಳ ತಡವಾಗಿ ನೆನಪಾಗಿ ಎದ್ದುಬಂದೆ.

ಮರುದಿನ ಶುಕ್ರವಾರ. ಊಟದ ಮೇಲೆ ಅವರ ಮನೆಯ ಸಾಮಾನು ಕಟ್ಟಲು ಹೋಗಿದ್ದೆ. ಅಕ್ಕ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದರು, ನಾನು ಪಾತ್ರೆಗಳಿಗೆ ಪೇಪರು ಸುತ್ತುತ್ತಿದ್ದೆ. ಎಂದಿನಂತೆ ಅಣ್ಣನ ಫೋನು ಬಂತು. ಸಾರ್ ಅವಸರದಲ್ಲಿ ಎತ್ತುವಾಗ ಸ್ಪೀಕರ್ ಒತ್ತಿಹೋಯಿತು. ಅಣ್ಣ ಜೆಸಿಬಿಯವನಿಗೆ ದಿನ ಗೊತ್ತುಮಾಡಿದ್ದನ್ನು ಹೇಳುತ್ತಿದ್ದರು. ಸಾರ್ ಎದ್ದು ನಿಂತರು. ಸ್ವಂತ ಧ್ವನಿಯಲ್ಲಿ ಆಗುವುದಿಲ್ಲವೆಂದು ಗೊತ್ತಿದ್ದೋ ಏನೋ, ಹಿಂದಿನ ದಿನದ ಧ್ವನಿ ತೆಗೆದು, "ಎಲೈ ಅಗ್ರಜಾ" ಎಂದರು.

"ಯಾರು ಮಾತಾಡುದು?" ಎಂದರು ಅಣ್ಣ.

"ನಾನೇ ಅಣ್ಣ," ಎಂದರು ಸಾರ್, ಧ್ವನಿ ಪೂರ್ತಿ ಇಳಿದುಹೋಗಿತ್ತು. "ರಸ್ತೆ ಮಾಡ್ಲಿಕ್ಕೆ ಆಗುದಿಲ್ಲ. ಜಾಗ ನಂದಲ್ಲ."

ಅಣ್ಣ ಹೇಳಿದ್ದೆಲ್ಲ ಇಲ್ಲಿ ಬೇಡ. ಬಹಳ ಹೇಳಿದರು. ತಂದೆಯ ಹೆಸರು ಬಂತು, ಮನೆತನದ ಮರ್ಯಾದೆ ಬಂತು, ಹೆಂಡತಿಯ ಸೆರಗು ಹಿಡಿದವನೆಂದು ಬಂತು. ಸಾರ್ ಮಧ್ಯೆ ಮಧ್ಯೆ, ಹೌದಣ್ಣ, ಸರಿಯಣ್ಣ, ಆದರೆ ಆಗುವುದಿಲ್ಲಣ್ಣ ಎನ್ನುತ್ತಿದ್ದರು. ಬೆವರು ಕತ್ತಿನಿಂದ ಇಳಿದು ಶರ್ಟು ಒದ್ದೆಯಾಯಿತು. ಕೊನೆಗೆ ಅಣ್ಣನೇ ಫೋನು ಇಟ್ಟರು. ಸಾರ್ ಒಂದು ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಒಳಗಿನ ಗ್ಲಾಸುಗಳು ಸದ್ದು ಮಾಡಿದವು. ಅವರ ಮೇಲಿದ್ದ ನನ್ನ ಸಿಟ್ಟಿನ ಉಳಿದರ್ಧ ಆಗ ಹೋಯಿತು. ಎದ್ದು ಹೋಗಿ ಅವರ ಕೈ ಹಿಡಿದುಕೊಳ್ಳಬೇಕು ಎನಿಸಿತು, ಮೈಸೂರಿನ ಸಂಕೋಚ ಬಿಡಲಿಲ್ಲ.

ಅಕ್ಕ ಟೇಪು ಸುತ್ತುವುದನ್ನು ನಿಲ್ಲಿಸಿರಲಿಲ್ಲ. ತಲೆಯೆತ್ತದೆಯೇ, ಅವತ್ತೇ ತನ್ನನ್ನು ಒಂದು ಮಾತು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ ಎಂದರು. ಕೇಳಲು ಹೆದರಿಕೆಯಾಯಿತು ಎಂದರು ಸಾರ್. ಹೆದರಿಕೆ ಎಂಥದ್ದಕ್ಕೆ, ತಾನೇನು ಸ್ಪೇನಾ ಎಂದರು ಅಕ್ಕ. ಸಾರ್ ತುಸು ಯೋಚಿಸಿ, ಹಾಗಾದರೆ ಈಗ ಕೇಳಬಹುದಾ ಎಂದರು. ಕೇಳಿ ಎಂದರು ಅಕ್ಕ.

ಸಾರ್ ಪೆಟ್ಟಿಗೆಯಿಂದ ಎದ್ದು, ಶರ್ಟಿನ ಗುಂಡಿ ಸರಿಮಾಡಿಕೊಂಡು, ಹೆಂಡತಿಯ ಎದುರು ನೆಲದ ಮೇಲೆ ಕೂತರು. ಈ ಸಲ ಧ್ವನಿಯಲ್ಲಿ ಯಾವ ದೇಶವೂ ಇರಲಿಲ್ಲ.

"ನಿನ್ನ ಜಾಗದಲ್ಲಿ ಅಣ್ಣನಿಗೆ ಒಂದು ದಾರಿ ಕೊಡ್ತೀಯಾ?"

"ಇಲ್ಲ," ಎಂದು ಅಕ್ಕ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದರು.

ಸಾರ್‌ಗೆ ಬೇಸರವಾಯಿತೇನೋ ಎಂದುಕೊಂಡೆ. ಆದರೆ ಅವರು ನನ್ನ ಕಡೆ ತಿರುಗಿದಾಗ ಮುಖ ಅರಳಿತ್ತು, ಯಾರೋ ದೊಡ್ಡ ಕಲಾವಿದರ ಅರ್ಥ ಕೇಳಿ ತಲೆದೂಗುವವರ ಹಾಗೆ ತಲೆದೂಗಿದರು.

"ನೋಡಿದ್ರಾ ಮಾರಾಯ್ರೆ," ಎಂದರು, "ಹಾಗೆ ಹೇಳ್ಬೇಕು."